ವರದನ್ ಅವರ ಸಂಶೋಧನಾ ಲೇಖನಗಳ ನಾಲ್ಕು ಸಂಪುಟಗಳು: ಕೊಂಡು ಓದಿದವನ ವಿಮರ್ಶೆ

ಪೆಟ್ಟಿಗೆಯನ್ನು ಬಿಚ್ಚಿದಾಗ ಅದರಲ್ಲಿ ಎರಡನೆಯ ಸಂಪುಟದ ಎರಡು ಪ್ರತಿಗಳಿದ್ದವು, ಮೂರನೆಯ ಸಂಪುಟವೇ ಇರಲಿಲ್ಲ. ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ, ನಿವೃತ್ತಿಯ ಹಣದ ಒಂದಂಶವನ್ನು ಎತ್ತಿಟ್ಟು ತರಿಸಿಕೊಂಡ ಪುಸ್ತಕಗಳು ಹೀಗೆ ಬಂದದ್ದು ಬೇಸರ ತಂದಿತು. ಆನ್‌ಲೈನ್‌ನಲ್ಲಿ ಪುಸ್ತಕ ಮಾರುವ ಆ ಅಂಗಡಿಯವರು ತಮ್ಮ ತಪ್ಪನ್ನು ಒಪ್ಪಿಕೊಂಡು ಮೂರನೆಯ ಸಂಪುಟವನ್ನು ತಲುಪಿಸುವ ಹೊತ್ತಿಗೆ ಐದು ವಾರಗಳು ಕಳೆದಿದ್ದವು. ಅಷ್ಟರಲ್ಲಿ ನಾನು ಒಂದು, ಎರಡು ಮತ್ತು ನಾಲ್ಕನೆಯ ಸಂಪುಟಗಳಲ್ಲಿ ಅಲ್ಲಲ್ಲಿ ಓಡಾಡಿ ಮುಗಿಸಿದ್ದೆ. ಈ ವಿಮರ್ಶೆಯಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಹೊಳೆದದ್ದು ಆ ಐದು ವಾರಗಳಲ್ಲೇ ಆದ್ದರಿಂದ ಅಂಗಡಿಯವರ ಮೇಲಿನ ಸಿಟ್ಟು ಈಗ ಅರ್ಧಕ್ಕಿಳಿದಿದೆ.

ಸಂಭವನೀಯತಾ ಸಿದ್ಧಾಂತದ ಗಣಿತಜ್ಞ ಎಸ್. ಆರ್. ಶ್ರೀನಿವಾಸ ವರದನ್ ಅವರು 1962ರಿಂದ 2012ರ ಆರಂಭದವರೆಗೆ, ಅಂದರೆ ಅರ್ಧ ಶತಮಾನದ ಅವಧಿಯಲ್ಲಿ ಪ್ರಕಟಿಸಿದ ಸಂಶೋಧನಾ ಲೇಖನಗಳನ್ನು ಈ ನಾಲ್ಕು ಸಂಪುಟಗಳು ಒಟ್ಟುಗೂಡಿಸಿವೆ. ರಾಜೇಂದ್ರ ಭಾಟಿಯಾ, ಅಭಯ್ ಭಟ್ ಮತ್ತು ಕೆ. ಆರ್. ಪಾರ್ಥಸಾರಥಿ ಇವುಗಳ ಸಂಪಾದಕರು. ದೆಹಲಿಯ ಹಿಂದೂಸ್ತಾನ್ ಬುಕ್ ಏಜೆನ್ಸಿ 2012ರಲ್ಲಿ ಇವನ್ನು ಹೊರತಂದಿತು. ಮೊದಲ ಸಂಪುಟದಲ್ಲಿ ಸೀಮಾ ಪ್ರಮೇಯಗಳು ಮತ್ತು ಸಮೀಕ್ಷಾ ಲೇಖನಗಳು, ಎರಡನೆಯದರಲ್ಲಿ ಅವಕಲ ಸಮೀಕರಣಗಳು ಮತ್ತು ವಿಸರಣ ಪ್ರಕ್ರಿಯೆಗಳು (ಯಾದೃಚ್ಛಿಕವಾಗಿ ಹರಡುವ ಚಲನೆಗಳು), ಮೂರನೆಯದರಲ್ಲಿ ಲಾರ್ಜ್ ಡೀವಿಯೇಷನ್ಸ್ ಎಂದು ಹೆಸರಾದ ಮಹಾವಿಚಲನೆಗಳ, ಅಂದರೆ ಸರಾಸರಿಯಿಂದ ಬಹುದೂರ ಸರಿದ ವಿರಳ ಘಟನೆಗಳ, ಸಿದ್ಧಾಂತ, ನಾಲ್ಕನೆಯದರಲ್ಲಿ ಕಣವ್ಯೂಹಗಳು ಮತ್ತು ಅವುಗಳ ಮಹಾವಿಚಲನೆಗಳು, ಹೀಗೆ ವಿಷಯವಾರು ವಿಂಗಡಣೆ ಇದೆ. ಗ್ರಂಥಾಲಯದ ಕಪಾಟಿನಲ್ಲಿ ಬೇಕಾದ ಲೇಖನವನ್ನು ಹುಡುಕಿ ತೆಗೆಯುವವನಿಗೆ ಈ ಕ್ರಮ ಅನುಕೂಲಕರ. ಒಬ್ಬ ಗಣಿತಜ್ಞನ ಬುದ್ಧಿ ಐವತ್ತು ವರ್ಷ ಹೇಗೆ ನಡೆಯಿತೆಂದು ತಿಳಿಯಲು ಮೊದಲ ಪುಟದಿಂದ ಓದತೊಡಗುವವನಿಗೆ ಇದೇ ಕ್ರಮ ದೊಡ್ಡ ಅಡ್ಡಿ. ನಾನು ಎರಡನೆಯ ಬಗೆಯ ಓದುಗನಾದ್ದರಿಂದ, ಒಂದು ಹಾಳೆಯ ಮೇಲೆ ಇಸವಿಗಳನ್ನು ಬರೆದುಕೊಂಡು, ಒಂದೊಂದು ಲೇಖನದ ಮುಂದೆಯೂ ಸಂಪುಟದ ಸಂಖ್ಯೆಯನ್ನು ಗುರುತು ಮಾಡಿಕೊಂಡು, ಸಂಪುಟದಿಂದ ಸಂಪುಟಕ್ಕೆ ಹಾರುತ್ತ ಓದಬೇಕಾಯಿತು. ಮೂರನೆಯ ಸಂಪುಟದ ಅಂಕಣದ ಮುಂದೆ ಐದು ವಾರ ಖಾಲಿ ಜಾಗವಿತ್ತು.

ವೃತ್ತಿಯ ಆರಂಭ ಕಲ್ಕತ್ತೆಯದು. 1940ರ ಜನವರಿ 2ರಂದು ಮದರಾಸಿನಲ್ಲಿ ಹುಟ್ಟಿದ ವರದನ್, ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಆನರ್ಸ್ ಪದವಿ ಮುಗಿಸಿ 1959ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ, ಅಂದರೆ ಐಎಸ್‌ಐಗೆ, ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು. ಅವರಿಗಿಂತ ಹಿರಿಯ ವಿದ್ಯಾರ್ಥಿಗಳಾಗಿದ್ದ ವಿ. ಎಸ್. ವರದರಾಜನ್, ಆರ್. ರಂಗರಾವ್ ಮತ್ತು ಪಾರ್ಥಸಾರಥಿಯವರ ಸಹವಾಸ ಅವರನ್ನು ಶುದ್ಧ ಗಣಿತದ ಕಡೆಗೆ ಎಳೆಯಿತು. ಅವರ ಮೊದಲ ಲೇಖನ ಸಂಸ್ಥೆಯದೇ ಪತ್ರಿಕೆಯಾದ ‘ಸಂಖ್ಯಾ’ದಲ್ಲಿ 1962ರಲ್ಲಿ ಅಚ್ಚಾಯಿತು. ಆಗಿನ ಲೇಖನಗಳ ವಸ್ತುವನ್ನು ಹೀಗೆ ಹೇಳಬಹುದು: ಯಾದೃಚ್ಛಿಕ ಸಂಖ್ಯೆಗಳನ್ನು ಒಂದಕ್ಕೊಂದು ಕೂಡುತ್ತ ಹೋದರೆ ಮೊತ್ತದ ಸ್ವಭಾವವೇನು ಎಂಬುದು ಹಳೆಯ ಪ್ರಶ್ನೆ. ಸಂಖ್ಯೆಗಳ ಬದಲು ಗಡಿಯಾರದ ಮುಳ್ಳನ್ನು ಯದ್ವಾತದ್ವಾ ತಿರುಗಿಸುತ್ತ ಹೋದರೆ, ಅಥವಾ ಅನಂತ ಆಯಾಮದ ಹಿಲ್ಬರ್ಟ್ ಆಕಾಶದ ಸದಿಶಗಳನ್ನು ಕೂಡುತ್ತ ಹೋದರೆ ಏನಾಗುತ್ತದೆ ಎಂಬುದು ಈ ಯುವಕರ ಪ್ರಶ್ನೆ. ಸಿ. ಆರ್. ರಾವ್ ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ವರದನ್ ಅವರ ಪ್ರಬಂಧಕ್ಕೆ ಪರೀಕ್ಷಕರಾಗಿದ್ದವರು ಆಧುನಿಕ ಸಂಭವನೀಯತೆಗೆ ತಳಪಾಯ ಹಾಕಿದ ಕೊಲ್ಮಗೊರೊವ್.

ಈ ಭಾಗ ಓದುವಾಗ ಒಂದು ಸಂಗತಿ ಮನಸ್ಸಿಗೆ ಹಿತವೆನಿಸಿತು. ಆ ದಿನಗಳಲ್ಲಿ ಜೊತೆಗೆ ಕೂತು ಲೇಖನ ಬರೆದ ಪಾರ್ಥಸಾರಥಿಯವರೇ ಐವತ್ತು ವರ್ಷಗಳ ನಂತರ ಆ ಲೇಖನಗಳನ್ನು ಸಂಪಾದಿಸಿದ್ದಾರೆ. ಅವರು 2023ರಲ್ಲಿ ತೀರಿಕೊಂಡರು. ಆದರೆ ಗಣಿತದ ದೃಷ್ಟಿಯಿಂದ ಹೇಳುವುದಾದರೆ, ಈ ಆರಂಭದ ಲೇಖನಗಳು ಅಚ್ಚುಕಟ್ಟಾಗಿದ್ದರೂ ಅವುಗಳಲ್ಲಿ ಮುಂದಿನ ವರದನ್ ಅಷ್ಟಾಗಿ ಕಾಣುವುದಿಲ್ಲ. ಅವುಗಳಲ್ಲಿರುವುದು ಕಲಿತ ವಿದ್ಯೆಯನ್ನು ಅಖಾಡದಲ್ಲಿ ತೋರಿಸುವ ಜಟ್ಟಿಯ ಉತ್ಸಾಹ.

1963ರಲ್ಲಿ ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೂರಾಂಟ್ ಸಂಸ್ಥೆಗೆ ಹೋದರು, ಮತ್ತೆ ಅಲ್ಲಿಂದ ಕದಲಲಿಲ್ಲ. ಕೂರಾಂಟ್ ಅವಕಲ ಸಮೀಕರಣಗಳ ಮನೆ. ಕಾರಿಡಾರಿನಲ್ಲಿ ಎದುರಾಗುವವರೆಲ್ಲ ಅದೇ ಭಾಷೆ ಆಡುವ ಜಾಗ. ಎರಡನೆಯ ಸಂಪುಟವನ್ನು ಓದುವಾಗ ಆ ನೆರೆಹೊರೆಯ ಪ್ರಭಾವ ಪುಟಪುಟದಲ್ಲೂ ಗೊತ್ತಾಗುತ್ತದೆ. ಈ ಸಂಪುಟದ ಹೃದಯ ಡೇನಿಯಲ್ ಸ್ಟ್ರೂಕ್ ಅವರೊಂದಿಗೆ 1969ರಲ್ಲಿ ಎರಡು ಭಾಗಗಳಲ್ಲಿ ಪ್ರಕಟವಾದ, ಅವಿಚ್ಛಿನ್ನ ಗುಣಾಂಕಗಳುಳ್ಳ ವಿಸರಣ ಪ್ರಕ್ರಿಯೆಗಳ ಲೇಖನ. ಜಪಾನಿನ ಕಿಯೋಶಿ ಇಟೊ 1940ರ ದಶಕದಲ್ಲಿ ತೋರಿಸಿದ ದಾರಿಯಲ್ಲಿ, ಮೊದಲು ಬ್ರೌನಿಯನ್ ಚಲನೆಯನ್ನು, ಅಂದರೆ ದ್ರವದಲ್ಲಿನ ಸೂಕ್ಷ್ಮ ಕಣದ ಗೊತ್ತುಗುರಿಯಿಲ್ಲದ ಅಲೆದಾಟದ ಗಣಿತರೂಪವನ್ನು, ಕೈಯಲ್ಲಿ ಹಿಡಿದು, ಅದರ ಕುಲುಕಾಟವನ್ನು ಕ್ಷಣಕ್ಷಣವೂ ಉಪಯೋಗಿಸಿಕೊಂಡು ಕಣದ ಪಥವನ್ನು ಕಟ್ಟಬೇಕು. ಅದಕ್ಕೆ ಸಮೀಕರಣದ ಗುಣಾಂಕಗಳು ಸಾಕಷ್ಟು ನಯವಾಗಿರಬೇಕು. ಸ್ಟ್ರೂಕ್ ಮತ್ತು ವರದನ್ ಪಥವನ್ನು ಕಟ್ಟುವ ಗೋಜಿಗೇ ಹೋಗಲಿಲ್ಲ. ಪಥಗಳೆಲ್ಲದರ ಮೇಲೆ ಒಂದು ಸಂಭವನೀಯತೆಯನ್ನು ಹುಡುಕೋಣ. ಯಾವುದೇ ಪರೀಕ್ಷಾ ಫಲನವನ್ನು ತೆಗೆದುಕೊಂಡರೂ, ಅದರ ಬದಲಾವಣೆಯಿಂದ ಸಮೀಕರಣ ಹೇಳುವಷ್ಟು ಭಾಗವನ್ನು ಕಳೆದ ಮೇಲೆ ಉಳಿಯುವುದು ನ್ಯಾಯವಾದ ಜೂಜಿನಂತೆ, ಸರಾಸರಿಯಲ್ಲಿ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಇರಬೇಕು ಎಂಬಷ್ಟೇ ಷರತ್ತು ಹಾಕೋಣ. ಅಂಥ ಸಂಭವನೀಯತೆ ಒಂದೇ ಒಂದಿದೆ ಎಂದು ಸಾಧಿಸಿದರೆ ಕೆಲಸ ಮುಗಿಯಿತು ಎಂದು ಅವರು ಹೊರಟರು. ಇಂದು ಮಾರ್ಟಿಂಗೇಲ್ ಸಮಸ್ಯೆ ಎಂದು ಎಲ್ಲ ಪಠ್ಯಗಳಲ್ಲೂ ಇರುವುದು ಇದೇ. ಈ ಹೊಸ ನೋಟದಲ್ಲಿ ಗುಣಾಂಕಗಳು ಅವಿಚ್ಛಿನ್ನವಾಗಿದ್ದು, ವಿಸರಣ ಎಲ್ಲಿಯೂ ಸೊನ್ನೆಗಿಳಿಯದಿದ್ದರೆ ಸಾಕು. ಒಂದೇ ಒಂದು ಎಂದು ತೋರಿಸುವ ಕಷ್ಟದ ಘಟ್ಟದಲ್ಲಿ ಅವರು ಆಂಶಿಕ ಅವಕಲ ಸಮೀಕರಣಗಳ ಭಾರೀ ಉಪಕರಣಗಳನ್ನು ನೆರೆಮನೆಯಿಂದ ಕಡ ತಂದಂತೆ ತಂದು ಬಳಸುತ್ತಾರೆ. ಆ ಪುಟಗಳು ಸುಲಭವಲ್ಲ. ನಾನು ಮೂರು ಸಲ ಓದಿದ ಮೇಲೂ ಒಂದೆರಡು ಅಂದಾಜುಗಳನ್ನು ನಂಬಿಕೆಯ ಮೇಲೆ ಒಪ್ಪಿಕೊಂಡು ಮುಂದೆ ಹೋದೆ. ಈ ಜೋಡಿ ಲೇಖನಕ್ಕೆ ಅಮೆರಿಕನ್ ಗಣಿತ ಸಂಘದ ಸ್ಟೀಲ್ ಪ್ರಶಸ್ತಿ ಬಂದದ್ದು 1996ರಲ್ಲಿ.

1967ರ ಒಂದು ಲೇಖನವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ನಾಲ್ಕೂ ಸಂಪುಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು. ನೀರಿಗೆ ಒಂದು ತೊಟ್ಟು ಮಸಿ ಬಿಟ್ಟರೆ ಅದು ಹರಡುತ್ತದೆ. ಮಾಧ್ಯಮ ಎಲ್ಲ ಕಡೆ ಒಂದೇ ತೆರನಾಗಿಲ್ಲದಿದ್ದರೆ ಕೆಲವು ಕಡೆ ಬೇಗ ಹರಡುತ್ತದೆ, ಕೆಲವು ಕಡೆ ನಿಧಾನ. ತೊಟ್ಟು ಬಿದ್ದ ಬಿಂದುವಿನಿಂದ ಇನ್ನೊಂದು ಬಿಂದುವಿಗೆ ತೀರಾ ಕಡಿಮೆ ಕಾಲದಲ್ಲಿ ಎಷ್ಟು ಮಸಿ ತಲುಪುತ್ತದೆ? ಆ ಸಾಂದ್ರತೆಯ ಲಾಗರಿದಮ್ ತೆಗೆದು, ಅದನ್ನು ಕಾಲದ ಎರಡರಷ್ಟರಿಂದ ಗುಣಿಸಿ, ಚಿಹ್ನೆ ಬದಲಾಯಿಸಿದರೆ, ಕಾಲ ಸೊನ್ನೆಯತ್ತ ಸರಿದಂತೆ ಸಿಗುವ ಸಂಖ್ಯೆ ಆ ಎರಡು ಬಿಂದುಗಳ ನಡುವಿನ ದೂರದ ವರ್ಗ ಎಂದು ವರದನ್ ತೋರಿಸಿದರು. ಇಲ್ಲಿ ದೂರವೆಂದರೆ ಅಳತೆಪಟ್ಟಿಯ ದೂರವಲ್ಲ. ಬೆಂಗಳೂರಿನವರನ್ನು ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಎಷ್ಟು ದೂರ ಎಂದು ಕೇಳಿದರೆ ಅವರು ಕಿಲೋಮೀಟರು ಹೇಳುವುದಿಲ್ಲ, ಗಂಟೆ ಹೇಳುತ್ತಾರೆ. ಹಾಗೆಯೇ ಇಲ್ಲಿಯೂ ವಿಸರಣ ಚುರುಕಾಗಿರುವ ಕಡೆ ದೂರ ಕುಗ್ಗುತ್ತದೆ, ಮಂದವಾಗಿರುವ ಕಡೆ ಹಿಗ್ಗುತ್ತದೆ. ಮಸಿಯ ಕಣ ಗೊತ್ತುಗುರಿಯಿಲ್ಲದೆ ಅಲೆಯುತ್ತದೆ ನಿಜ, ಆದರೆ ಅಸಾಧ್ಯವೆನಿಸುವಷ್ಟು ಕಡಿಮೆ ಕಾಲದಲ್ಲಿ ಅದು ಗುರಿ ಮುಟ್ಟಿಬಿಟ್ಟಿದ್ದರೆ, ಅತ್ಯಂತ ಹತ್ತಿರದ ದಾರಿಯಲ್ಲೇ ಬಂದಿರಬೇಕು. ವಿರಳವಾದ ಘಟನೆ ನಡೆದೇಹೋದರೆ ಅದು ತನಗೆ ಅತಿ ಅಗ್ಗವಾದ ದಾರಿಯನ್ನೇ ಹಿಡಿದಿರುತ್ತದೆ ಎಂಬ ಈ ಮಾತನ್ನು ಓದುಗರು ನೆನಪಿಡಬೇಕು.

ಮೂರನೆಯ ಸಂಪುಟವಿಲ್ಲದೆ ನಾಲ್ಕನೆಯದನ್ನು ತೆರೆದಾಗ ಮನೆಯೊಳಕ್ಕೆ ಹಿತ್ತಿಲ ಬಾಗಿಲಿನಿಂದ ಹೊಕ್ಕಂತಾಯಿತು. ಅಲ್ಲಿರುವುದು ಕೋಟ್ಯಂತರ ಕಣಗಳು ಒಂದನ್ನೊಂದು ತಳ್ಳುತ್ತ, ಒಂದರ ಜಾಗಕ್ಕೆ ಇನ್ನೊಂದು ಹೋಗಲಾಗದೆ ತಡೆದುಕೊಳ್ಳುತ್ತ ನಡೆಸುವ ಚಲನೆಯ ಗಣಿತ. ಬಿಡಿ ಕಣಗಳ ಈ ಗಲಾಟೆಯಿಂದ, ದೂರ ನಿಂತು ನೋಡಿದಾಗ, ನಯವಾದ ಸಾಂದ್ರತೆಯ ಸಮೀಕರಣವೊಂದು ಹೇಗೆ ಮೂಡುತ್ತದೆ ಎಂಬುದು ಪ್ರಶ್ನೆ. ಗುವೊ ಮತ್ತು ಪಾಪನಿಕೊಲಾವು ಅವರೊಂದಿಗಿನ 1988ರ ಲೇಖನ ಎಂಟ್ರೊಪಿಯ, ಅಂದರೆ ಅವ್ಯವಸ್ಥೆಯ ಅಳತೆಯ, ಲೆಕ್ಕವನ್ನು ಇಟ್ಟುಕೊಂಡು ಇದಕ್ಕೆ ಉತ್ತರ ಕೊಟ್ಟಿತು. ಮೂವರ ಹೆಸರಿನ ಮೊದಲಕ್ಷರಗಳಿಂದಲೇ ಕರೆಯಲಾಗುವ ಆ ವಿಧಾನ ಈ ಕ್ಷೇತ್ರದವರಿಗೆ ದಿನಬಳಕೆಯ ಹತಾರ. ಮರುವರ್ಷವೇ ಕಿಪ್ನಿಸ್ ಮತ್ತು ಒಲ್ಲಾ ಅವರೊಂದಿಗೆ, ಕಣಗಳ ಗುಂಪು ಆ ನಯವಾದ ಸಮೀಕರಣವನ್ನು ಮೀರಿ ಬೇರೆ ದಾರಿ ಹಿಡಿಯುವ ಸಂಭವನೀಯತೆ ಎಷ್ಟೆಂದು ಲೆಕ್ಕ ಹಾಕಿದ ಲೇಖನ ಬಂತು. ಇವನ್ನು ಓದುವಾಗ ಪ್ರತಿ ಹತ್ತು ಪುಟಕ್ಕೊಮ್ಮೆ ಅದೇ ಆಕಾರದ ಸೂತ್ರ, ಅಂದರೆ ವಿರಳ ಘಟನೆ ನಡೆಯಲು ತೆರಬೇಕಾದ ದಂಡವನ್ನು ಆದಷ್ಟು ಕಡಿಮೆ ಮಾಡುವ ಸೂತ್ರ, ಎದುರಾಗುತ್ತಿತ್ತು. ಅದರ ಹುಟ್ಟು ಕಾಣದೆ ಪರಿಣಾಮವನ್ನಷ್ಟೇ ಕಾಣುತ್ತಿದ್ದ ನನಗೆ, ಈ ಸಂಗ್ರಹವನ್ನು ನಾಲ್ಕು ವಿಷಯಗಳಾಗಿ ಒಡೆದದ್ದು ಎಷ್ಟು ಕೃತಕ ಎಂಬುದು ಆಗ ಹೊಳೆಯಿತು. ಅವರ ವೃತ್ತಿ ಒಂದೇ ಪ್ರಶ್ನೆಯ ಸುತ್ತ ಬೆಳೆದದ್ದು. ಆ ಪ್ರಶ್ನೆ ಇರುವುದು ನನಗೆ ಬಾರದೆ ಇದ್ದ ಸಂಪುಟದಲ್ಲಿ.

ನಡುವೆ ಹೇಳಿಬಿಡುತ್ತೇನೆ: ಕ್ಲಾಡ್ ಕಿಪ್ನಿಸ್ ಅವರೊಂದಿಗೆ 1986ರಲ್ಲಿ ಬರೆದ ಇನ್ನೊಂದು ಲೇಖನವನ್ನು ಯಾರೂ ಬಿಡಬಾರದು. ಹಬ್ಬದ ಹಿಂದಿನ ದಿನ ಕೆ. ಆರ್. ಮಾರುಕಟ್ಟೆಯ ಜನಜಂಗುಳಿಯಲ್ಲಿ ಒಬ್ಬನ ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿ ಮೇಲಿನಿಂದ ನೋಡುತ್ತ ನಿಂತಂತೆ, ಕಣಗಳ ಜಂಗುಳಿಯಲ್ಲಿ ಗುರುತು ಮಾಡಿದ ಒಂದು ಕಣದ ಅಲೆದಾಟವನ್ನು ಅಲ್ಲಿ ಹಿಂಬಾಲಿಸಲಾಗಿದೆ. ಅದರ ಪ್ರತಿ ಹೆಜ್ಜೆಯೂ ಅಕ್ಕಪಕ್ಕದವರ ದಯೆಯಲ್ಲಿದ್ದರೂ, ದೀರ್ಘಕಾಲದಲ್ಲಿ ಅದರ ಚಲನೆ ಬ್ರೌನಿಯನ್ ಆಗುತ್ತದೆ ಎಂಬ ಸಾಧನೆ ಓದಲು ಸೊಗಸಾಗಿದೆ. ಕಿಪ್ನಿಸ್ 1993ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಕೊನೆಗೂ ಮೂರನೆಯ ಸಂಪುಟ ಬಂತು. ಅದರ ವಿಷಯಕ್ಕೆ ಬುನಾದಿಯಾದದ್ದು 1966ರ ಲೇಖನ. ಆ ಹೊತ್ತಿಗೆ ವರದನ್ ಅವರಿಗೆ ಇಪ್ಪತ್ತಾರು ವರ್ಷ. ಅವರಿಗಿಂತ ಮೊದಲು ಸ್ವೀಡನ್ನಿನ ಕ್ರಾಮೆರ್ 1938ರಲ್ಲಿ ವಿಮಾ ಕಂಪನಿಗಳ ದಿವಾಳಿಯ ಲೆಕ್ಕದಿಂದ ಹೊರಟು ಸ್ವತಂತ್ರ ಸಂಖ್ಯೆಗಳ ಮೊತ್ತಕ್ಕೆ ಇಂಥ ಫಲಿತಾಂಶ ಕೊಟ್ಟಿದ್ದರು. ರಷ್ಯಾದ ಸನೊವ್ 1957ರಲ್ಲಿ ಇನ್ನೊಂದು ಕೊಟ್ಟಿದ್ದರು. ಬಿಡಿಬಿಡಿಯಾಗಿದ್ದ ಇವೆಲ್ಲವನ್ನು ಒಂದೇ ತತ್ತ್ವದ ಅಡಿಯಲ್ಲಿ ತಂದದ್ದು ವರದನ್. ಅವರಿಗೆ ಬಂದ, ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ 2007ರ ಅಬೆಲ್ ಪ್ರಶಸ್ತಿಯ ಉಲ್ಲೇಖ ಎತ್ತಿ ಹೇಳಿದ್ದೂ ಇದನ್ನೇ. ತರಗತಿಯಲ್ಲಿ ನಾನು ಕೊಡುತ್ತಿದ್ದ ಉದಾಹರಣೆಯನ್ನೇ ಇಲ್ಲಿ ಕೊಡುತ್ತೇನೆ. ಲೋಪವಿಲ್ಲದ ನಾಣ್ಯವನ್ನು 1000 ಸಲ ಚಿಮ್ಮಿದರೆ ಸುಮಾರು 500 ಸಲ ಹೆಡ್ ಬೀಳಬೇಕು. 600 ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುವ ಸಂಭವನೀಯತೆ ಎಷ್ಟು? ಕ್ರಾಮೆರ್ ಅವರ ದರದ ಪ್ರಕಾರ, ಹೆಡ್‌ನ ಪಾಲನ್ನು 0.5ರಿಂದ 0.6ಕ್ಕೆ ಎಳೆಯಲು ಪ್ರತಿ ಚಿಮ್ಮುವಿಕೆಗೂ ಸುಮಾರು 0.0201ರಷ್ಟು ದಂಡ ತೆರಬೇಕು. ಸಾವಿರಕ್ಕೆ ದಂಡ ಸುಮಾರು 20.1 ಆಯಿತು, e ಎಂಬ ಸಂಖ್ಯೆಯನ್ನು (ಸುಮಾರು 2.718) ಅದರ ಋಣ ಘಾತಕ್ಕೆ ಏರಿಸಿದರೆ ಸಿಗುವುದು ಸುಮಾರು 55 ಕೋಟಿಯಲ್ಲಿ ಒಂದು. ನಿಖರವಾಗಿ ಲೆಕ್ಕ ಹಾಕಿದರೆ ಉತ್ತರ ಸುಮಾರು 730 ಕೋಟಿಯಲ್ಲಿ ಒಂದು. ಅಂದರೆ ಸಿದ್ಧಾಂತದ ಉತ್ತರ ಹದಿಮೂರು ಪಟ್ಟು ದೊಡ್ಡದು. ವಿದ್ಯಾರ್ಥಿಗಳು ಇದನ್ನು ಕಂಡು ನಗುತ್ತಿದ್ದರು. ಅವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು: ಈ ಸಿದ್ಧಾಂತ ಘಾತಾಂಕವನ್ನು ಮಾತ್ರ ಹಿಡಿಯುತ್ತದೆ, ಮುಂದಿನ ಗುಣಕವನ್ನು ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಟ್ಟದ್ದರಿಂದಲೇ ನಾಣ್ಯದಿಂದ ಹಿಡಿದು ಕಣಗಳ ಸಮುದ್ರದವರೆಗೆ ಎಲ್ಲಕ್ಕೂ ಒಂದೇ ಸೂತ್ರ ಸಲ್ಲುತ್ತದೆ.

ಮೂರನೆಯ ಸಂಪುಟದ ಬೆನ್ನೆಲುಬು ಮನ್ರೋ ಡಾನ್ಸ್ಕರ್ ಅವರೊಂದಿಗೆ 1975ರಿಂದ 1983ರವರೆಗೆ ನಾಲ್ಕು ಭಾಗಗಳಲ್ಲಿ ಬಂದ ಸರಣಿ. ಮಾರ್ಕೊವ್ ಪ್ರಕ್ರಿಯೆಯೊಂದು (ಮುಂದಿನ ನಡೆ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸುವ ಯಾದೃಚ್ಛಿಕ ಚಲನೆ) ದೀರ್ಘಕಾಲದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಕಳೆಯಿತು ಎಂಬ ಲೆಕ್ಕ ತನ್ನ ಸಹಜ ಸ್ಥಿತಿಯಿಂದ ದೂರ ಸರಿಯುವ ಸಂಭವನೀಯತೆ ಅದರ ವಸ್ತು. ಸರಣಿಯ ಜೊತೆಯಲ್ಲೇ ಹುಟ್ಟಿದ 1975ರ ಲೇಖನವೊಂದರ ಕಥೆಯನ್ನು ಹೀಗೆ ಹೇಳಬಹುದು. ಮಾರ್ಕ್ ಕಾಟ್ಸ್ ಮತ್ತು ಲಟಿಂಜರ್ ಭೌತಶಾಸ್ತ್ರದ ಸಂದರ್ಭದಲ್ಲಿ ಎತ್ತಿದ ಪ್ರಶ್ನೆ ಅದು. ಕೊನೆಯಿಲ್ಲದ ಬಯಲಿನಲ್ಲಿ ಕಂಡಕಂಡಲ್ಲಿ ಕಟ್ಟೆಯಿಲ್ಲದ ಬಾವಿಗಳನ್ನು ತೋಡಿದ್ದಾರೆಂದೂ, ಕಣ್ಣು ಕಟ್ಟಿದ ಮನುಷ್ಯನೊಬ್ಬ ಅಲ್ಲಿ ಅಲೆಯುತ್ತಿದ್ದಾನೆಂದೂ ಭಾವಿಸೋಣ. ಬಹಳ ಕಾಲದ ನಂತರವೂ ಅವನು ಬಾವಿಗೆ ಬೀಳದೆ ಉಳಿದಿರುವ ಸಂಭವನೀಯತೆ ಎಷ್ಟು? ಆಯಾಮ ಎಷ್ಟಿದೆಯೋ ಅದನ್ನು ಆಯಾಮಕ್ಕೆ ಎರಡು ಕೂಡಿಸಿ ಬಂದದ್ದರಿಂದ ಭಾಗಿಸಿ, ಕಾಲವನ್ನು ಆ ಘಾತಕ್ಕೆ ಏರಿಸಿದರೆ ದಂಡದ ಪ್ರಮಾಣ ಸಿಗುತ್ತದೆ: ಎರಡು ಆಯಾಮದ ಬಯಲಿನಲ್ಲಿ ಅರ್ಧ ಘಾತ, ಮೂರು ಆಯಾಮದಲ್ಲಿ ಐದರಲ್ಲಿ ಮೂರು ಘಾತ. ಬಾವಿಯಿಲ್ಲದ ದೊಡ್ಡ ತಾವು ಸಿಗುವುದು ವಿರಳ. ಚಿಕ್ಕ ತಾವಿನಲ್ಲಿ ಬಹಳ ಹೊತ್ತು ಸುತ್ತುತ್ತಿರುವುದೂ ವಿರಳ. ಈ ಎರಡು ದಂಡಗಳ ಮೊತ್ತ ಕನಿಷ್ಠವಾಗುವ ಅಳತೆಯ ಗುಂಡನೆಯ ತಾವಿನಲ್ಲಿ ಬದುಕುಳಿದವನು ಸುತ್ತುತ್ತಿರುತ್ತಾನೆ. 1967ರ ಮಸಿಯ ಕಣ ಹಿಡಿದ ಅಗ್ಗದ ದಾರಿಯೇ ಇಲ್ಲಿ ಬಾವಿಗಳ ನಡುವಿನ ಗುಂಡು ಬಯಲಾಗಿದೆ, ನಾಲ್ಕನೆಯ ಸಂಪುಟದ ಕಣಸಮೂಹದ ದಂಡವೂ ಅದೇ. ನನ್ನ ಹಾಳೆಯ ಖಾಲಿ ಅಂಕಣ ತುಂಬಿದ ಮೇಲೆ ಅಡ್ಡಗೆರೆಗಳೆಲ್ಲ ಅಲ್ಲಿಂದಲೇ ಹೊರಟವು.

ಡಾನ್ಸ್ಕರ್ 1991ರಲ್ಲಿ ತೀರಿಕೊಂಡರು. ಈ ಇಬ್ಬರ ಹೆಸರನ್ನು ಇಂದು ಹೆಚ್ಚಾಗಿ ಉಚ್ಚರಿಸುವವರು ಗಣಿತಜ್ಞರೋ ಅಥವಾ ಮಷೀನ್ ಲರ್ನಿಂಗ್‌ನವರೋ ಎಂದು ನನಗೆ ಅನುಮಾನವಿದೆ, ಏಕೆಂದರೆ ಎರಡು ವಿತರಣೆಗಳ ನಡುವಿನ ಅಂತರವನ್ನು ಗರಿಷ್ಠೀಕರಣದ ರೂಪದಲ್ಲಿ ಬರೆಯುವ ಅವರ ಸೂತ್ರವನ್ನು ನ್ಯೂರಲ್ ನೆಟ್‌ವರ್ಕ್ ತರಬೇತಿಯಲ್ಲಿ ಬಳಸುತ್ತಾರೆ. ಆ ಸೂತ್ರದ ಮೂಲ ಸಂದರ್ಭ ನೋಡಬಯಸುವ ಎಂಜಿನಿಯರುಗಳು ಈ ಸಂಪುಟ ತೆರೆದರೆ ತಮ್ಮ ಪರಿಚಯದ ಸಾಲು ಎಷ್ಟು ಬೇರೆಯ ಊರಿನಿಂದ ಬಂದದ್ದೆಂದು ಬೆರಗಾಗುತ್ತಾರೆ. ವರದನ್ ತಮ್ಮ ಎಪ್ಪತ್ತರ ಆಸುಪಾಸಿನಲ್ಲಿ ಸೌರವ್ ಚಟರ್ಜಿ ಅವರೊಂದಿಗೆ ಬರೆದು 2011ರಲ್ಲಿ ಪ್ರಕಟಿಸಿದ ಲೇಖನವೂ ಇದೇ ಜಾಡಿನದು: ಯಾದೃಚ್ಛಿಕವಾಗಿ ಗೆರೆ ಎಳೆದು ಮಾಡಿದ ಜಾಲದಲ್ಲಿ ನಿರೀಕ್ಷೆಗಿಂತ ತುಂಬ ಹೆಚ್ಚು ತ್ರಿಕೋನಗಳು ಮೂಡಿದ್ದರೆ ಆ ಜಾಲದ ಆಕಾರ ಹೇಗಿರುತ್ತದೆ ಎಂದು ಅದು ಕೇಳುತ್ತದೆ. ಆ ಚಟರ್ಜಿಯವರೂ ಐಎಸ್‌ಐನಲ್ಲೇ ಓದಿದವರು.

ಇನ್ನು ಕೊಳ್ಳುವವರಿಗೆ ಹೇಳಬೇಕಾದದ್ದು. ಇದು ಜೀವನಚರಿತ್ರೆಯಲ್ಲ, 1980ರಿಂದ 84ರವರೆಗೆ ಮತ್ತು 1992ರಿಂದ 94ರವರೆಗೆ ಕೂರಾಂಟ್‌ನ ನಿರ್ದೇಶಕರಾಗಿದ್ದ ಮನುಷ್ಯನ ದಿನಚರಿಯನ್ನು ಇದರಲ್ಲಿ ಹುಡುಕಬಾರದು. ಅಳತೆ ಸಿದ್ಧಾಂತ ಮತ್ತು ಒಂದು ಮಟ್ಟದ ಫಲನ ವಿಶ್ಲೇಷಣೆ ತಿಳಿಯದವರು ಪುಟ ತಿರುಗಿಸಿ ನಿರಾಶರಾಗುತ್ತಾರೆ. ಅಂಥವರು ಮೊದಲು ವರದನ್ ಅವರೇ ಕೂರಾಂಟ್ ಉಪನ್ಯಾಸ ಮಾಲೆಯಲ್ಲಿ 2001ರಲ್ಲಿ ಬರೆದ ಸಂಭವನೀಯತಾ ಸಿದ್ಧಾಂತದ ತೆಳು ಪುಸ್ತಕವನ್ನು ಕೊಳ್ಳುವುದು ಒಳ್ಳೆಯದು. ಅದರಲ್ಲಿ ವಿವರಣೆ ಬಿಗಿ, ಒಂದು ಮಾತೂ ಹೆಚ್ಚಿಲ್ಲ, ಅಭ್ಯಾಸಗಳನ್ನು ಬಿಡಿಸದೆ ಮುಂದಿನ ಪುಟ ತಿಳಿಯುವುದಿಲ್ಲ. ಈ ನಾಲ್ಕು ಸಂಪುಟಗಳನ್ನು ಒಟ್ಟಿಗೆ ಕೊಳ್ಳಬೇಕಾದವರು ಸ್ನಾತಕೋತ್ತರ ವಿಭಾಗಗಳ ಗ್ರಂಥಾಲಯಗಳು. ಸ್ವಂತ ಹಣ ಹಾಕುವವರು ಮೂರನೆಯದರಿಂದ ಶುರು ಮಾಡಲಿ, ಆಮೇಲೆ ಎರಡನೆಯದು, ಕೈಯಲ್ಲಿ ಉಳಿದರೆ ನಾಲ್ಕನೆಯದು. ಮೊದಲನೆಯದರಲ್ಲಿ ಸಮೀಕ್ಷಾ ಲೇಖನಗಳೂ ಇರುವುದರಿಂದ ಅದನ್ನು ಗ್ರಂಥಾಲಯದಿಂದ ತಂದು ಓದಿದರೂ ನಡೆಯುತ್ತದೆ. ಸಂಪಾದಕರು ಲೇಖನಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿದ್ದರೆ ನನ್ನಂಥವನಿಗೆ ಹಾಳೆ ಮತ್ತು ಪೆನ್ಸಿಲ್ ಬೇಕಾಗುತ್ತಿರಲಿಲ್ಲ ಎಂಬ ದೂರು ಮಾತ್ರ ಉಳಿದೇ ಇದೆ.

ಎರಡನೆಯ ಸಂಪುಟದ ಹೆಚ್ಚುವರಿ ಪ್ರತಿಯನ್ನು ಅಂಗಡಿಯವರು ಹಿಂದಕ್ಕೆ ತರಿಸಿಕೊಳ್ಳಲಿಲ್ಲ. ಎರಡು ಸಲ ಪತ್ರ ಬರೆದರೂ ಉತ್ತರ ಬರಲಿಲ್ಲ. ಅದನ್ನು, ಮೈಸೂರು ರಸ್ತೆಯ ಐಎಸ್‌ಐ ಕೇಂದ್ರದಲ್ಲಿ ಓದಿ ಈಗ ಸಂಶೋಧನೆಗೆ ತೊಡಗಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಕೊಟ್ಟೆ. ಒಂದು ತಿಂಗಳ ನಂತರ ಅವಳು ಫೋನು ಮಾಡಿ, ಸರ್, ಮೂರನೆಯದನ್ನು ಸ್ವಲ್ಪ ದಿನಕ್ಕೆ ಕೊಡುತ್ತೀರಾ ಎಂದು ಕೇಳಿದಳು. ಇನ್ನೂ ಕೊಟ್ಟಿಲ್ಲ.